ಹಳೆಯ ಪೆಟ್ಟಿಗೆ ಮನೆಗೆ ಬಂದ ಮೇಲೆ

ಹಳೆಯ ಪೆಟ್ಟಿಗೆ ಕೈಗೆ ಸಿಕ್ಕಾಗ ನಾನು ಮೊದಲು ತಿರುಗಿಸಿ ತಳ ನೋಡುತ್ತೇನೆ. ಮುಚ್ಚಳದ ಕೆತ್ತನೆ, ಮೂಲೆಯ ಹಿತ್ತಾಳೆ ಪಟ್ಟಿ, ಮುಂಭಾಗದ ಚಿಲಕ ಇವೆಲ್ಲ ಮಾರುವವರು ಉಜ್ಜಿ, ಎಣ್ಣೆ ಸವರಿ ಸಿದ್ಧ ಮಾಡಿ ಇಟ್ಟಿರುವ ಜಾಗಗಳು. ತಳದ ಗೋಜಿಗೆ ಯಾರೂ ಹೋಗಿರುವುದಿಲ್ಲ. ನಿಜವಾಗಿ ಹಳೆಯದಾದ ಮರದ ತಳ ಒಣಗಿ, ಬೂದು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ನೆಲಕ್ಕೆ ತಾಗುವ ಅಂಚು ಸವೆದು ನುಣುಪಾಗಿರುತ್ತದೆ, ನಡುಭಾಗ ಒರಟಾಗಿಯೇ ಉಳಿದಿರುತ್ತದೆ. ತಳಕ್ಕೂ ಒಳಗಿನ ಮೂಲೆಗಳಿಗೂ ಒಂದೇ ಕಪ್ಪು ಬಣ್ಣ ಬಳಿದಿದ್ದರೆ ಏನನ್ನೋ ಮುಚ್ಚಲು ಬಳಿದದ್ದು ಎಂದೇ ತಿಳಿಯಬೇಕು.

ಆಮೇಲೆ ಮೊಳೆ ಮತ್ತು ಸ್ಕ್ರೂ. ತಲೆಯ ಮೇಲೆ ಕೂಡಿಸುವ ಗುರುತಿನಂಥ ಗೀರಿರುವ ಸ್ಕ್ರೂಗಳು ಬಂದದ್ದೇ 1930ರ ದಶಕದಲ್ಲಿ. ನೂರು ವರ್ಷದ ಪೆಟ್ಟಿಗೆ ಎಂದು ಹೇಳಿದರೂ ಬಿಜಾಗರಿಯಲ್ಲಿ ಅಂಥ ಸ್ಕ್ರೂ ಕಂಡರೆ, ಬಿಜಾಗರಿಯನ್ನು ಬದಲಿಸಿದ್ದಾರೆ ಇಲ್ಲವೇ ಪೆಟ್ಟಿಗೆಯೇ ಹೊಸದು. ಬದಲಿಸಿದ ಮಾತ್ರಕ್ಕೆ ಬೇಡವೆನ್ನಬೇಕಿಲ್ಲ, ಬೆಲೆ ಇಳಿಯಬೇಕು ಅಷ್ಟೆ. ಊರಿನ ಬಡಗಿಗಳು ಮಾಡಿದ ಹಳೆಯ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಸ್ಕ್ರೂ ಇರುವುದೇ ಇಲ್ಲ. ಎರಡು ತಂತಿಯ ಕೊಂಡಿಗಳನ್ನು ಒಂದರೊಳಗೊಂದು ಸೇರಿಸಿ, ಅವುಗಳ ಕಾಲುಗಳನ್ನು ಹಲಗೆಯಲ್ಲಿ ತೂರಿಸಿ, ಒಳಗಡೆ ಮಡಿಸಿ ಬಡಿದಿರುತ್ತಾರೆ. ಆ ಮಡಿಕೆಯ ಸುತ್ತ ಮರ ಕಪ್ಪಾಗಿದ್ದರೆ ಒಳ್ಳೆಯ ಸೂಚನೆ. ಕಬ್ಬಿಣಕ್ಕೂ ಮರದ ಒಗರಿಗೂ ತೇವ ಸೇರಿದಾಗ ಹುಟ್ಟುವ ಕಪ್ಪು ಅದು. ಒಂದೆರಡು ವಾರದಲ್ಲಿ ಅದು ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಕಡೆದ ದುಂಡು ಡಬ್ಬಿಯಾದರೆ ಇನ್ನೊಂದು ಪರೀಕ್ಷೆ ಉಂಟು. ಮರ ಒಣಗುತ್ತಾ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಹೆಚ್ಚೂ ಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಹಾಗಾಗಿ ಹಳೆಯ ದುಂಡು ಡಬ್ಬಿಯ ಬಾಯಿ ತುಸು ಅಂಡಾಕಾರ ತಾಳಿರುತ್ತದೆ. ಅಳತೆಯ ಪಟ್ಟಿಯನ್ನು ಎರಡು ದಿಕ್ಕಿನಲ್ಲಿ ಇಟ್ಟು ನೋಡಿದರೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಸಿಗುತ್ತದೆ. ಮುಚ್ಚಳ ಒಂದೇ ಒಂದು ಭಂಗಿಯಲ್ಲಿ ಸಲೀಸಾಗಿ ಕೂತು, ತಿರುಗಿಸಿದರೆ ಬಿಗಿಯಾಗುತ್ತದೆ ಎಂದರೆ ಅದು ಈ ಕಾರಣಕ್ಕೇ. ಮಾರುವವರು ಅದನ್ನು ದೋಷವೆಂದು ಹೇಳಿದರೆ ನಾವು ಚೌಕಾಸಿ ಮಾಡಿ ಕೊಂಡುಕೊಳ್ಳಬಹುದು.

ಕಣ್ಣಿಗೆ ಅಭ್ಯಾಸ ಆಗಬೇಕಾದರೆ ಕೊಳ್ಳುವ ಮೊದಲು ಅಸಲಿಗಳನ್ನು ನೋಡಬೇಕು. ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಪುಣೆಯ ರಾಜಾ ದಿನಕರ್ ಕೇಳ್ಕರ್ ಸಂಗ್ರಹಾಲಯ, ಬಿದರಿ ಕೆಲಸಕ್ಕೆ ಹೈದರಾಬಾದಿನ ಸಾಲಾರ್ ಜಂಗ್, ಇವು ಮೂರನ್ನೂ ನಿಧಾನವಾಗಿ ನೋಡಿದವರಿಗೆ ಅಂಗಡಿಯಲ್ಲಿ ಮೋಸವಾಗುವುದು ಕಡಿಮೆ. ಕೊಳ್ಳುವುದಕ್ಕೆ ಕಾರೈಕುಡಿಯ ಹಳೆ ಸಾಮಾನಿನ ಬೀದಿ, ಕೊಚ್ಚಿಯ ಮಟ್ಟಾಂಚೇರಿ, ಮುಂಬೈಯ ಚೋರ್ ಬಜಾರ್ ಹೆಸರುವಾಸಿ. ಆದರೆ ಊರಿನ ಗುಜರಿ ಅಂಗಡಿ ಮತ್ತು ಪಾತ್ರೆ ಅಂಗಡಿಗಳನ್ನು ಬಿಡಬಾರದು. ಹಳೆಯ ಹಿತ್ತಾಳೆಯನ್ನು ಅಲ್ಲಿ ತೂಕದ ಲೆಕ್ಕದಲ್ಲಿ ತೆಗೆದುಕೊಂಡು ಕರಗಿಸಲು ಕಳಿಸುತ್ತಾರೆ. ಎಲೆಡಬ್ಬಿ, ಕುಂಕುಮದ ಭರಣಿಗಳು ಆ ರಾಶಿಯಲ್ಲೇ ಇರುತ್ತವೆ. ಅಲ್ಲಿಂದ ಒಂದನ್ನು ಎತ್ತಿಕೊಂಡರೆ ಅದು ಕರಗುವುದು ತಪ್ಪುತ್ತದೆ, ನಮಗೂ ಕಡಿಮೆ ಬೆಲೆಗೆ ಸಿಗುತ್ತದೆ.

ಒಂದು ಎಚ್ಚರಿಕೆ. ಮೈಸೂರಿನ ಬೀಟೆ ಮರದ ಕೂಡಿಕೆ ಕೆಲಸದಲ್ಲಿ, ಅಂದರೆ ಮರದಲ್ಲಿ ಗುಳಿ ತೋಡಿ ಬೇರೆ ವಸ್ತುವಿನ ತುಣುಕು ಕೂರಿಸುವ ಕೆಲಸದಲ್ಲಿ, ಹಿಂದೆ ಆನೆದಂತ ಬಳಸುತ್ತಿದ್ದರು. ಭಾರತದ ಆನೆದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 1986ರ ತಿದ್ದುಪಡಿಯಿಂದಲೂ, ಹೊರಗಿನಿಂದ ತಂದ ಆಫ್ರಿಕಾದ ದಂತದ ವ್ಯಾಪಾರ 1991ರ ತಿದ್ದುಪಡಿಯಿಂದಲೂ ನಿಂತಿದೆ. ಪೆಟ್ಟಿಗೆ ಎಷ್ಟೇ ಹಳೆಯದಾಗಿರಲಿ, ದಂತ ಇದ್ದರೆ ಕೊಳ್ಳುವುದೂ ಮಾರುವುದೂ ಅಪರಾಧವೇ. ಬಿಳಿಯ ತುಣುಕುಗಳನ್ನು ಭೂತಗನ್ನಡಿಯಲ್ಲಿ ನೋಡಿ. ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೆರೆಗಳ ಜಾಲ ಇರುತ್ತದೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿಗಳು, ಗೀರುಗಳು ಕಾಣುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಎರಡೂ ಇಲ್ಲ. ಅನುಮಾನವಿದ್ದರೆ ಅದನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಇನ್ನು ಮನೆಗೆ ತಂದ ಮೇಲಿನ ಕೆಲಸ. ಉದಾಹರಣೆಗೆ ಒಂದು ಬೀಟೆ ಮರದ ಒಡವೆ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಉದ್ದ 14 ಅಂಗುಲ, ಅಗಲ 9, ಎತ್ತರ 7. ಒಳಗೆ ಎತ್ತಿಡುವ ಒಂದು ತಟ್ಟೆ, ಅದರಲ್ಲಿ ಐದು ಖಾನೆ. ಮುಚ್ಚಳದಲ್ಲಿ ಉದ್ದಕ್ಕೆ ಸೀಳು, ಒಂದು ಬಿಜಾಗರಿ ಸಡಿಲ, ಒಳಗೆ ಮಾಸಿದ ವೆಲ್ವೆಟ್, ಮುಗ್ಗಲು ವಾಸನೆ. ಈ ಬಗೆಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವ ತೊಂದರೆಗಳೆಲ್ಲ ಇದರಲ್ಲಿವೆ.

ಮೊದಲು ಇದನ್ನು ಮನೆಯ ಬೇರೆ ಮರದ ಸಾಮಾನಿನಿಂದ ದೂರ ಇಡಬೇಕು. ಕುಟ್ಟೆ ಹಿಡಿದಿದೆಯೇ ಎಂಬುದು ಖಚಿತವಾಗುವವರೆಗೆ ಬೀರುವಿನ ಹತ್ತಿರ ಬರಕೂಡದು. ಸಣ್ಣ ತೂತುಗಳು ಇದ್ದ ಮಾತ್ರಕ್ಕೆ ಹುಳ ಇದೆ ಎಂದಲ್ಲ, ಅವು ಹುಳ ಹೊರಟುಹೋದ ಗುರುತು. ಪೆಟ್ಟಿಗೆಯ ಅಡಿಯಲ್ಲಿ ಕಪ್ಪು ಕಾಗದ ಹಾಸಿ ಮೂರು ವಾರ ಅಲುಗಾಡಿಸದೆ ಬಿಡಿ. ಕಾಗದದ ಮೇಲೆ ಹಿಟ್ಟಿನಂಥ ತಿಳಿ ಪುಡಿಯ ಸಣ್ಣ ಗುಡ್ಡೆ ಕಂಡರೆ ಹುಳ ಈಗಲೂ ಕೆಲಸದಲ್ಲಿದೆ. ಬೀಟೆ, ತೇಗದ ಗಟ್ಟಿ ತಿರುಳಿಗೆ ಕುಟ್ಟೆ ಅಪರೂಪ. ಆದರೆ ಅವುಗಳ ಹೊರಗಿನ ಬಿಳಿ ಮರ, ತಳಕ್ಕೆ ಹಾಕಿದ ಅಗ್ಗದ ಹಲಗೆ, ತಟ್ಟೆಯ ಪಟ್ಟಿಗಳು ಹುಳಕ್ಕೆ ಸುಲಭದ ತುತ್ತು.

ಹುಳ ಇದ್ದರೆ ಸೀಮೆಎಣ್ಣೆ ಸುರಿಯುವ ರೂಢಿ ಇದೆ. ವಾಸನೆ ವರ್ಷಗಟ್ಟಲೆ ಹೋಗುವುದಿಲ್ಲ, ಎಣ್ಣೆ ಕುಡಿದ ಮರಕ್ಕೆ ಮುಂದೆ ಅಂಟೂ ಹಿಡಿಯುವುದಿಲ್ಲ. ಬೇವಿನೆಣ್ಣೆ ಮೇಲುಮೇಲೆ ಮಾತ್ರ ಇಳಿಯುತ್ತದೆ. ಪೆಟ್ಟಿಗೆ ಚಿಕ್ಕದಾಗಿದ್ದರೆ ತಣ್ಣಗೆ ಕೊಲ್ಲುವುದೇ ಒಳ್ಳೆಯ ದಾರಿ. ಹತ್ತಿ ಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ ತೆಗೆದು ಟೇಪಿನಿಂದ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡುವುದು. ಹೊರಗೆ ತೆಗೆದ ಮೇಲೆ ಚೀಲ ಬಿಚ್ಚದೆ 24 ಗಂಟೆ ಬಿಡಬೇಕು. ಅವಸರಪಟ್ಟು ಬಿಚ್ಚಿದರೆ ತಣ್ಣನೆ ಮರದ ಮೇಲೆ ನೀರು ಹನಿಗಟ್ಟಿ ಮೆರುಗು ಬೆಳ್ಳಗಾಗುತ್ತದೆ. ಮಧ್ಯೆ ಕರೆಂಟು ಹೋಗಿ ಫ್ರೀಜರು ಕರಗಿದ್ದರೆ ಎರಡು ವಾರವನ್ನು ಮತ್ತೆ ಮೊದಲಿಂದ ಎಣಿಸಬೇಕು. ಕೂಡಿಕೆ ಕೆಲಸ ಇರುವ, ಬಣ್ಣ ಬಳಿದ, ಅರಗಿನ ಪದರ ಇರುವ ಡಬ್ಬಿಗಳಿಗೆ ಈ ವಿಧಾನ ಬೇಡ. ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ, ತುಣುಕುಗಳು ಎದ್ದು ಬರುತ್ತವೆ.

ಶುಚಿ ಮಾಡುವುದು ಒಣಗಿನಿಂದ ಒದ್ದೆಯ ಕಡೆಗೆ ಸಾಗಬೇಕು. ಮೊದಲು ಮೆತ್ತನೆಯ ಕುಂಚದಿಂದ ಮೂಲೆ, ಕೆತ್ತನೆಯ ದೂಳು. ಆಮೇಲೆ ಒಣ ಹತ್ತಿ ಬಟ್ಟೆ. ಅದಕ್ಕೂ ಹೋಗದ ಕೊಳೆಗೆ ಉಗುರು ಬೆಚ್ಚನೆ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿ ಉಂಡೆ. ಒಂದು ಸಲಕ್ಕೆ ಅಂಗೈಯಗಲ ಜಾಗ ಮಾತ್ರ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒತ್ತಬೇಕು. ವಸ್ತುಸಂಗ್ರಹಾಲಯಗಳಲ್ಲಿ ಇಂಥ ಸಣ್ಣ ಕಲೆಗಳನ್ನು ಕಡ್ಡಿಗೆ ಸುತ್ತಿದ ಹತ್ತಿಯನ್ನು ಉಗುಳಿನಲ್ಲಿ ತೇವ ಮಾಡಿಕೊಂಡು ತೆಗೆಯುವುದುಂಟು, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅರಿಶಿನ ಕುಂಕುಮಕ್ಕೋ ದೇವರ ಒಡವೆಗೋ ಇಡುವ ಪೆಟ್ಟಿಗೆಗೆ ಎಂಜಲು ತಾಗಿಸಲು ನಮ್ಮ ಮನೆಗಳಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ಬೆಚ್ಚನೆ ನೀರೇ ಸಾಕು, ತುಸು ಹೊತ್ತು ಹೆಚ್ಚು ಹಿಡಿಯುತ್ತದೆ ಅಷ್ಟೆ.

ಯಾವ ಕಾರಣಕ್ಕೂ ಮರಳು ಕಾಗದ ಮುಟ್ಟಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಪಾಲಿಷ್ ಮಾಡಿಸಲು ಕೊಟ್ಟ ಎಷ್ಟೋ ಒಳ್ಳೆಯ ಪೆಟ್ಟಿಗೆಗಳು ಹಾಳಾಗುವುದು ಇಲ್ಲೇ. ಬೆರಳು ತಾಗಿ ತಾಗಿ ಕಪ್ಪಾದ ಚಿಲಕದ ಸುತ್ತಿನ ಜಾಗ, ಅಂಚುಗಳ ಸವೆತ, ಬೆಳಕಿಗೆ ತಿಳಿಯಾದ ಮುಚ್ಚಳ, ಇವೇ ಆ ಪೆಟ್ಟಿಗೆಯ ವಯಸ್ಸು. ಅದು ಇರುವುದು ಮೇಲಿನ ಕೂದಲೆಳೆಯಷ್ಟು ಪದರದಲ್ಲಿ. ಉಜ್ಜಿದರೆ ಹೊಸ ಮರ ಬರುತ್ತದೆ, ಹಳೆಯ ಪೆಟ್ಟಿಗೆ ಹೋಗುತ್ತದೆ. ಬೆಲೆಯೂ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ.

ಮೇಲಿನ ಮೆರುಗು ಯಾವುದೆಂದು ತಿಳಿಯಲು, ತಳದ ಅಂಚಿನಂಥ ಕಾಣದ ಜಾಗದಲ್ಲಿ ಕಡ್ಡಿಯ ಹತ್ತಿಗೆ ಒಂದು ತೊಟ್ಟು ಸ್ಪಿರಿಟ್ ಹಾಕಿ ಮುಟ್ಟಿಸಿ. ಅರ್ಧ ನಿಮಿಷದಲ್ಲಿ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಅರಗಿನ ಫ್ರೆಂಚ್ ಪಾಲಿಷ್. ಏನೂ ಆಗದಿದ್ದರೆ ಎಣ್ಣೆ, ಮೇಣ ಅಥವಾ ಈಚಿನ ವಾರ್ನಿಷ್. ಅರಗಿನ ಮೆರುಗಿದ್ದರೆ ಕೈಗೆ ಹಚ್ಚುವ ಸ್ಯಾನಿಟೈಸರು, ಅತ್ತರು, ಬಿಸಿ ಲೋಟ ಮೂರೂ ಅದಕ್ಕೆ ಶತ್ರು. ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಮುಚ್ಚಳ ತೆರೆದರೆ ಬೆರಳಚ್ಚು ಅಲ್ಲೇ ಉಳಿಯುತ್ತದೆ.

ಸಡಿಲವಾದ ಕೀಲುಗಳಿಗೆ ಬಿಳಿ ಅಂಟು ಸುರಿಯುವುದು ಎಲ್ಲರೂ ಮಾಡುವ ಕೆಲಸ. ಹಳೆಯ ಕೀಲುಗಳಲ್ಲಿ ಇರುವುದು ಚರ್ಮ, ಮೂಳೆ ಕುದಿಸಿ ಮಾಡಿದ ಸರೇಸು. ಬಿಳಿ ಅಂಟು ಆ ಹಳೆಯ ಪದರದ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಹಿಡಿದರೂ ಮುಂದೆ ಬಿಚ್ಚಬೇಕಾದಾಗ ಮರವೇ ಕಿತ್ತು ಬರುತ್ತದೆ. ಸರೇಸಿನ ಗುಣವೇ ಬೇರೆ. ಹಳೆಯದರ ಮೇಲೆ ಹೊಸದು ಹಚ್ಚಿದರೆ ಎರಡೂ ಕರಗಿ ಒಂದಾಗುತ್ತವೆ, ಬೇಕೆಂದಾಗ ಬೆಚ್ಚನೆ ನೀರಿಗೆ ಬಿಟ್ಟುಕೊಡುತ್ತವೆ. 20 ಗ್ರಾಂ ಸರೇಸಿನ ಹರಳಿಗೆ 40 ಮಿಲಿ ತಣ್ಣೀರು ಹಾಕಿ ರಾತ್ರಿಯಿಡೀ ನೆನೆಸಿ. ಬೆಳಗ್ಗೆ ಅದು ಉಬ್ಬಿ ಲೋಳೆಯಾಗಿರುತ್ತದೆ. ಆ ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯಲ್ಲಿ ಇಟ್ಟು 60 ಡಿಗ್ರಿಯ ಸುತ್ತಮುತ್ತ ಕರಗಿಸಬೇಕು. ಕುದಿಸಿದರೆ ಕಸುವು ಹೋಗುತ್ತದೆ. ಕೀಲಿನಲ್ಲಿರುವ ಹಳೆಯ ದೂಳನ್ನು ಕುಂಚದಿಂದ ತೆಗೆದು, ಬಿಸಿ ಇರುವಾಗಲೇ ಸಣ್ಣ ಕುಂಚದಿಂದ ಸರೇಸು ಹಚ್ಚಿ ಜೋಡಿಸಿ, ಸೈಕಲ್ ಟ್ಯೂಬನ್ನು ಉದ್ದ ಪಟ್ಟಿಗಳಾಗಿ ಕತ್ತರಿಸಿ ಪೆಟ್ಟಿಗೆಯ ಸುತ್ತ ಎಳೆದು ಸುತ್ತಿ. ಮರಕ್ಕೂ ರಬ್ಬರಿಗೂ ನಡುವೆ ಬೆಣ್ಣೆ ಕಾಗದ ಇರಲಿ. ಎರಡು ಮೂಲೆಗಳ ನಡುವಿನ ಅಡ್ಡಳತೆಯನ್ನು ಎರಡೂ ಕಡೆಯಿಂದ ಅಳೆದು, ಒಂದೇ ಸಮ ಬಂದರೆ ಪೆಟ್ಟಿಗೆ ಚೌಕವಾಗಿ ಕೂತಿದೆ ಎಂದರ್ಥ. 24 ಗಂಟೆ ಮುಟ್ಟಬಾರದು. ಮಳೆಗಾಲದಲ್ಲಿ ಎರಡು ದಿನ ಬಿಟ್ಟರೆ ಕ್ಷೇಮ.

ಮುಚ್ಚಳದ ಸೀಳಿಗೆ ಕಾರಣ ಹುಡುಕದೆ ಕೈ ಹಾಕಬಾರದು. ಅಗಲವಾದ ಒಂದೇ ಹಲಗೆಗೆ ಒಳಗಡೆ ಅಡ್ಡಪಟ್ಟಿ ಹೊಡೆದಿರುತ್ತಾರೆ. ಹಲಗೆ ಬೇಸಿಗೆಯಲ್ಲಿ ಕುಗ್ಗಲು ನೋಡುತ್ತದೆ, ಮೊಳೆ ಬಿಡುವುದಿಲ್ಲ, ಕಡೆಗೆ ಮರ ಸೀಳುತ್ತದೆ. ಕರಾವಳಿಯ ಮನೆಯಲ್ಲಿದ್ದ ಪೆಟ್ಟಿಗೆಯನ್ನು ಬೇಸಿಗೆಯಲ್ಲಿ ಕಲಬುರಗಿಗೋ ಬಳ್ಳಾರಿಗೋ ಒಯ್ದರೆ ಇದು ಕೆಲವೇ ವಾರಗಳಲ್ಲಿ ಆಗಬಹುದು. ಹಾಗೆ ಊರು ಬದಲಿಸುವಾಗ ಹಳೆಯ ಕಂಬಳಿಯಲ್ಲಿ ಸುತ್ತಿ ತಿಂಗಳು ಕಾಲ ನಿಧಾನವಾಗಿ ಒಣಗಲು ಬಿಡಬೇಕು. ಈ ಸೀಳಿಗೆ ಎಂ-ಸೀಲಿನಂಥ ಗಟ್ಟಿ ಮುದ್ದೆ ತುಂಬಿದರೆ ಮಳೆಗಾಲದಲ್ಲಿ ಹಲಗೆ ಹಿಗ್ಗಿ, ಜಾಗವಿಲ್ಲದೆ ಪಕ್ಕದಲ್ಲಿ ಇನ್ನೊಂದು ಸೀಳು ಬಿಡುತ್ತದೆ. ಒಂದು ಮಿಲಿಮೀಟರಿಗಿಂತ ಕಿರಿದಾದ ಸೀಳನ್ನು ನಾನು ಹಾಗೆಯೇ ಬಿಡುತ್ತೇನೆ. ಅದಕ್ಕೂ ಅಗಲವಾಗಿದ್ದರೆ ಅದೇ ಜಾತಿಯ ಮರದ ತೆಳು ಚಕ್ಕೆಯನ್ನು ಬೆಣೆಯ ಆಕಾರಕ್ಕೆ ಹೆರೆದು, ಸೀಳಿನ ಒಂದು ಅಂಚಿಗೆ ಮಾತ್ರ ಸರೇಸು ಹಚ್ಚಿ ಕೂರಿಸುವುದು. ಇನ್ನೊಂದು ಅಂಚು ಬಿಡುವಾಗಿದ್ದರೆ ಹಲಗೆ ತನ್ನಷ್ಟಕ್ಕೆ ಹಿಗ್ಗಿ ಕುಗ್ಗುತ್ತದೆ. ಈ ಕೆಲಸಕ್ಕೆ ಮಳೆಗಾಲದ ಕೊನೆ ಸರಿಯಾದ ಸಮಯ, ಆಗ ಸೀಳು ತನ್ನ ಅತಿ ಕಿರಿದಾದ ಅಳತೆಯಲ್ಲಿರುತ್ತದೆ. ಬೇಸಿಗೆಯಲ್ಲಿ ಅಳೆದು ತುಂಬಿದರೆ ಮಳೆಗಾಲದಲ್ಲಿ ಬಿಗಿಯಾಗುತ್ತದೆ.

ಬಿಜಾಗರಿಯ ಸ್ಕ್ರೂ ಜಂಗು ಹಿಡಿದು ಕೂತಿದ್ದರೆ ಬಲ ಪ್ರಯೋಗಿಸಬೇಡಿ. ಹಿತ್ತಾಳೆ ಸ್ಕ್ರೂವಿನ ಕತ್ತು ಮುರಿದರೆ ಅರ್ಧ ಭಾಗ ಮರದಲ್ಲೇ ಉಳಿಯುತ್ತದೆ. ಬೆಸುಗೆ ಹಾಕುವ ವಿದ್ಯುತ್ ಕಡ್ಡಿಯನ್ನು ಸ್ಕ್ರೂವಿನ ತಲೆಗೆ ಒಂದು ನಿಮಿಷ ಒತ್ತಿ ಹಿಡಿದು, ಪೂರ್ತಿ ಆರಿದ ಮೇಲೆ ಗೀರಿಗೆ ತುಂಬಿ ಕೂರುವ ಅಗಲದ ಸ್ಕ್ರೂಡ್ರೈವರಿನಿಂದ ಮೊದಲು ಬಿಗಿಸುವ ಕಡೆಗೇ ಕೂದಲಷ್ಟು ತಿರುಗಿಸಿ. ಹಿಡಿತ ಬಿಟ್ಟ ಸದ್ದು ಕೇಳುತ್ತದೆ. ಆಮೇಲೆ ಬಿಚ್ಚುವುದು. ತೂತು ದೊಡ್ಡದಾಗಿದ್ದರೆ ಉದ್ದನೆ ಸ್ಕ್ರೂ ಹಾಕಿ ಹಲಗೆಯ ಆಚೆ ತೂರಿಸುವ ಬದಲು ಬಿದಿರಿನ ಕಡ್ಡಿಗೆ ಸರೇಸು ಹಚ್ಚಿ ತುಂಬಿ, ಹಳೆಯ ಸ್ಕ್ರೂವನ್ನೇ ಹಾಕಬೇಕು. ಇನ್ನೂ ಒಂದು ವಿಷಯ: ಹಳೆಯ ಪೆಟ್ಟಿಗೆಗಳಲ್ಲಿ ಮುಚ್ಚಳ ತಡೆದು ನಿಲ್ಲಿಸುವ ವ್ಯವಸ್ಥೆ ಇರುವುದು ಕಡಿಮೆ. ತೆರೆದಾಗ ಭಾರವೆಲ್ಲ ಬಿಜಾಗರಿಯ ಮೇಲೆ ಬಿದ್ದು ಸ್ಕ್ರೂ ಕಿತ್ತು ಬರುತ್ತದೆ. ಗೋಡೆಗೆ ಒರಗುವಂತೆ ಇಟ್ಟು ತೆರೆದರೆ, ಇಲ್ಲವೇ ಒಳಗಿನಿಂದ ಹತ್ತಿ ದಾರದ ಒಂದು ತಡೆ ಕಟ್ಟಿದರೆ ಈ ತೊಂದರೆಯೇ ಇಲ್ಲ. ಬೀಗಕ್ಕೆ ಎಣ್ಣೆ ಹಾಕಬೇಡಿ, ಎಣ್ಣೆ ಮರಕ್ಕೆ ಇಳಿದು ಕಲೆಯಾಗುತ್ತದೆ, ದೂಳನ್ನೂ ಹಿಡಿದಿಡುತ್ತದೆ. ಪೆನ್ಸಿಲ್ಲಿನ ಸೀಸವನ್ನು ಪುಡಿ ಮಾಡಿ ಕೀಲಿಕೈಗೆ ಸವರಿ ಹತ್ತಾರು ಸಲ ತಿರುಗಿಸಿದರೆ ಸಾಕು.

ಮೆರುಗಿಗೆ ಜೇನುಮೇಣ. 50 ಗ್ರಾಂ ಮೇಣವನ್ನು ತುರಿದು, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಬಟ್ಟಲಲ್ಲಿ ಕರಗಿಸಿ. ಅದು ಕರಗುವುದು 62ರಿಂದ 64 ಡಿಗ್ರಿಗೆ. ಒಲೆ ಪೂರ್ತಿ ಆರಿಸಿದ ಮೇಲೆ 150 ಮಿಲಿ ಟರ್ಪೆಂಟೈನ್ ಬೆರೆಸಿ. ಉರಿಯುವ ಒಲೆಯ ಹತ್ತಿರ ಟರ್ಪೆಂಟೈನ್ ಬಾಟಲಿ ತೆರೆಯಲೇಕೂಡದು. ಆರಿದ ಮೇಲೆ ಮೆತ್ತನೆ ಬೆಣ್ಣೆಯಂತಾಗುತ್ತದೆ. ಹತ್ತಿ ಬಟ್ಟೆಯಲ್ಲಿ ಕಡಲೆಕಾಳಿನಷ್ಟು ತೆಗೆದುಕೊಂಡು ಎಳೆಯ ಉದ್ದಕ್ಕೆ ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಒಣ ಬಟ್ಟೆಯಿಂದ ಉಜ್ಜಬೇಕು. 14 ಅಂಗುಲದ ಪೆಟ್ಟಿಗೆಗೆ ಒಂದು ಚಮಚದಷ್ಟೂ ಬೇಡ. ದಪ್ಪಗೆ ಹಚ್ಚಿದರೆ ಬೇಸಿಗೆಯಲ್ಲಿ ಅಂಟಾಗಿ ದೂಳು ಕೂರುತ್ತದೆ. ವರ್ಷಕ್ಕೊಂದು ಸಲ, ನವರಾತ್ರಿಗೆ ಮುಂಚೆ ಹಚ್ಚಿಕೊಂಡರೆ ಆಯಿತು. ಕೊಬ್ಬರಿ ಎಣ್ಣೆ ಹಚ್ಚಿದ ದಿನ ಚೆಂದ ಕಾಣುತ್ತದೆ, ಆಮೇಲೆ ಕಮಟು ವಾಸನೆ ಬರುತ್ತದೆ. ಅಗಸೆ ಎಣ್ಣೆ ನಮ್ಮ ಮಳೆಗಾಲದ ತೇವದಲ್ಲಿ ಬೇಗ ಒಣಗುವುದಿಲ್ಲ. ಅದರಲ್ಲಿ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವೂ ಇದೆ.

ಒಳಗಿನ ಮುಗ್ಗಲು ವಾಸನೆಗೆ ಬಿಸಿಲಲ್ಲ, ನೆರಳು ಮತ್ತು ಗಾಳಿ. ನೇರ ಬಿಸಿಲಿಗೆ ಹಲಗೆ ಬಾಗುತ್ತದೆ. ಒಂದು ಬಟ್ಟಲು ಇದ್ದಿಲು ತುಂಡುಗಳನ್ನು ಒಳಗಿಟ್ಟು ಎರಡು ವಾರ ಮುಚ್ಚಿಟ್ಟರೆ ವಾಸನೆ ಬಹುಪಾಲು ಇಳಿಯುತ್ತದೆ. ವೆಲ್ವೆಟ್ ತೀರಾ ಹಾಳಾಗಿದ್ದರೆ ಮಾತ್ರ ತೆಗೆಯಬೇಕು. ಅದನ್ನು ಮೈದಾ ಅಂಟಿನಲ್ಲಿ ಕೂರಿಸಿರುವುದರಿಂದ ಒದ್ದೆ ಬಟ್ಟೆ ಹಾಸಿ ಅರ್ಧ ಗಂಟೆ ಬಿಟ್ಟರೆ ಬಿಟ್ಟುಕೊಳ್ಳುತ್ತದೆ. ಆ ಮೈದಾ ಅಂಟೇ ಜಿರಲೆಗೂ ಬೆಳ್ಳಿಹುಳಕ್ಕೂ ಆಹಾರ. ಹೊಸ ಒಳಬಟ್ಟೆಯನ್ನು ಅಂಟಿಸದೆ, ರಟ್ಟಿನ ಹಾಳೆಗೆ ಸುತ್ತಿ ಹೊಲಿದು ಒಳಗೆ ಸುಮ್ಮನೆ ಕೂರಿಸುವುದು ಮೇಲು. ಬಟ್ಟೆ ಬಿಳುಪು ಮಾಡದ ಕೋರಾ ಹತ್ತಿ ಇರಲಿ, ಗಂಜಿ ಪೂರ್ತಿ ಹೋಗುವಂತೆ ಎರಡು ಸಲ ಒಗೆದಿರಲಿ. ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಬೇಕು. ಅದರ ಆವಿ ಮೆರುಗಿನ ಮೇಲೆ ಹರಳುಗಟ್ಟುತ್ತದೆ, ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗೆ ಮಾಡುತ್ತದೆ. ಹಿಂದಿನವರು ರೇಷ್ಮೆ ಸೀರೆಯ ಮಡಿಕೆಗೂ ತಾಳೆಗರಿಯ ಕಟ್ಟಿಗೂ ಇಡುತ್ತಿದ್ದ ಬಜೆ ಬೇರು, ಒಣ ಬೇವಿನೆಲೆಯ ಪುಟ್ಟ ಗಂಟು ಸಾಕು. ಆರು ತಿಂಗಳಿಗೊಮ್ಮೆ ಬದಲಿಸಬೇಕು.

ಹಿತ್ತಾಳೆಯ ಎಲೆಡಬ್ಬಿಯದು ಬೇರೆ ಲೆಕ್ಕ. ಒಳಗಿನ ತಟ್ಟೆ, ಅಡಿಕೆ, ಲವಂಗ, ಕಾಚಿನ ಪುಟ್ಟ ಬಟ್ಟಲುಗಳು, ಸುಣ್ಣದ ಡಬ್ಬಿ ಇವೆಲ್ಲ ಒಂದೇ ಕೈಯ ಕೆಲಸವೇ ಎಂದು ನೋಡಿಕೊಂಡು ಕೊಳ್ಳಬೇಕು. ಬಟ್ಟಲು ಕಳೆದು ಬೇರೆಯದನ್ನು ಸೇರಿಸಿರುವುದು ಬಹಳ. ಹೊಸ ಎರಕಕ್ಕೆ ಆಸಿಡ್ ಹಾಕಿ ಹಸಿರು ಬರಿಸಿದ್ದಾದರೆ ಬೆರಳಿನಿಂದ ಒರೆಸಿದಾಗ ಪುಡಿಯಾಗಿ ಅಂಟುತ್ತದೆ. ನಿಜವಾದ ಹಳೆಯದರಲ್ಲಿ ಹಿಡಿಯುವ ಜಾಗ ತಾನಾಗಿ ನುಣುಪಾಗಿ, ಸಂದುಗಳಲ್ಲಿ ಮಾತ್ರ ಕಪ್ಪು ಕೂತಿರುತ್ತದೆ.

ತೊಳೆಯಲು ಒಂದು ಲೀಟರ್ ಬೆಚ್ಚನೆ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರವ, ಮೆತ್ತನೆ ಬ್ರಷ್, ತೊಳೆದ ಕೂಡಲೇ ಒರೆಸಿ ಅರ್ಧ ಗಂಟೆ ಬಿಸಿಲು. ಗಟ್ಟಿಯಾದ ಸುಣ್ಣಕ್ಕೆ ಒದ್ದೆ ಬಟ್ಟೆ ತುರುಕಿ ರಾತ್ರಿ ಬಿಟ್ಟು, ಬೆಳಗ್ಗೆ ಬಿದಿರಿನ ಕಡ್ಡಿಯಿಂದ ಕೆರೆಯುವುದು. ಹುಣಸೆಹಣ್ಣು ನಮ್ಮ ಕೈಗೆ ಬೇಗ ಬರುವ ಮದ್ದು, ದಿನಬಳಕೆಯ ಪಾತ್ರೆಗೆ ಅದು ಸರಿಯೇ. ಹಳೆಯ ಡಬ್ಬಿಗೆ ಹುಳಿ ಹೆಚ್ಚು ಹೊತ್ತು ತಾಗಿದರೆ ಹಿತ್ತಾಳೆಯಲ್ಲಿರುವ ಸತು ಮೊದಲು ಕರಗಿ, ಮೇಲೆ ತಾಮ್ರದ ಕೆಂಪು ಛಾಯೆ ಉಳಿಯುತ್ತದೆ. ಜೊತೆಗೆ ಉಪ್ಪು ಸೇರಿಸಿದರೆ ಇನ್ನೂ ಕೆಟ್ಟದ್ದು. ಉಪ್ಪಿನ ಕ್ಲೋರೈಡ್ ಸಣ್ಣ ಗುಳಿಗಳಲ್ಲಿ ಉಳಿದು ಮಳೆಗಾಲ ಬಂದಂತೆ ಹಸಿರು ಚುಕ್ಕಿಗಳಾಗಿ ಏಳುತ್ತದೆ. ಹುಣಸೆ ಬೇಕೇ ಬೇಕೆಂದರೆ ಉಪ್ಪಿಲ್ಲದೆ, ಎರಡು ನಿಮಿಷ ಮೀರದೆ, ಆಮೇಲೆ ಒಂದು ಲೀಟರಿಗೆ ಒಂದು ಚಮಚ ಅಡಿಗೆ ಸೋಡ ಹಾಕಿದ ನೀರಿನಲ್ಲಿ ಜಾಲಿಸಬೇಕು.

ಅಮೋನಿಯಾ ಇರುವ ಗಾಜು ಒರೆಸುವ ದ್ರವಗಳನ್ನು ಹಿತ್ತಾಳೆಯ ಹತ್ತಿರ ತರಬೇಡಿ. ಬ್ರಿಟಿಷ್ ಕಾಲದಲ್ಲಿ ಭಾರತದ ಸೇನೆಯ ಲಾಯಗಳಲ್ಲಿ ಇಟ್ಟ ಬಂದೂಕಿನ ತೋಟಾಗಳ ಹಿತ್ತಾಳೆ ಕೊಳವೆಗಳು ಮಳೆಗಾಲದಲ್ಲಿ ತಾವಾಗಿಯೇ ಬಿರಿಯುತ್ತಿದ್ದವು. ಕುದುರೆ ಗಂಜಲದ ಅಮೋನಿಯಾ ಇದಕ್ಕೆ ಕಾರಣವೆಂದು 1921ರಲ್ಲಿ ತೋರಿಸಲಾಯಿತು. ಬಡಿದು ರೂಪ ಕೊಟ್ಟ ತಗಡಿನೊಳಗೆ ಬಿಗಿತ ಉಳಿದಿರುತ್ತದೆ. ಅಮೋನಿಯಾ ತಾಗಿದರೆ ಆ ಬಿಗಿತದ ಗೆರೆಯಲ್ಲೇ ಬಿರುಕು ಬಿಡುತ್ತದೆ. ಎಲೆಡಬ್ಬಿಯ ಮುಚ್ಚಳವೂ ಅದೇ ರೀತಿ ಬಡಿದ ತಗಡು.

ಒಳಗೆ ಕಲಾಯಿ ಹಾಕಿಸಬೇಕೆನಿಸಿದರೆ ಮೊದಲು ಬೆಸುಗೆ ನೋಡಿ. ತವರ ಕರಗುವುದು 232 ಡಿಗ್ರಿಗೆ. ಸೀಸ ಬೆರೆತ ಮೆತ್ತನೆ ಬೆಸುಗೆ 183 ಡಿಗ್ರಿಗೇ ಕರಗಲು ಶುರು. ಹಾಗೆ ಬೆಸೆದ ಬಿಜಾಗರಿ, ಕಾಲು, ಗುಬುಟುಗಳು ಕಲಾಯಿಯವರ ಕುಲುಮೆಯಲ್ಲಿ ಉದುರಿ ಬೀಳುತ್ತವೆ. ಆಹಾರ ಇಡುವುದಿಲ್ಲವಾದರೆ ಕಲಾಯಿಯ ಅಗತ್ಯವೂ ಇಲ್ಲ.

ಬಿದರಿ ಡಬ್ಬಿಗಳ ಬಗ್ಗೆ ಒಂದೇ ಮಾತು ನೆನಪಿಡಬೇಕು: ಕಪ್ಪೇ ಅದರ ಪ್ರಾಣ. ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಗೀರು ತೋಡಿ, ಬೆಳ್ಳಿಯ ತಂತಿಯನ್ನೂ ತಗಡನ್ನೂ ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ಕಲಸಿದ ಬಿಸಿ ದ್ರಾವಣ ತಾಗಿಸಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಬರಿಯ ಮೇಲ್ಪದರ. ಬೆಳ್ಳಿ ಮಾಸಿತೆಂದು ಪಾಲಿಷ್ ಪುಡಿ, ನಿಂಬೆ, ಹುಣಸೆ ಹಾಕಿ ಉಜ್ಜಿದರೆ ಕಪ್ಪು ಹೋಗಿ ಬೂದು ಲೋಹ ಕಾಣುತ್ತದೆ. ಆಮೇಲೆ ಬೀದರಿನ ಕಸುಬುದಾರರ ಕೈಗೇ ಹೋಗಬೇಕು. ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ವರ್ಷಕ್ಕೆರಡು ಸಲ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಾಕಿ ಸವರಿ, ಒಣಗಿದಂತಾಗುವವರೆಗೆ ಮತ್ತೆ ಒರೆಸಿದರೆ ಕಪ್ಪು ಗಾಢವಾಗುತ್ತದೆ. ಮರಕ್ಕೆ ಬೇಡವೆಂದ ಎಣ್ಣೆ ಇಲ್ಲಿ ಬೇಕು.

ಚನ್ನಪಟ್ಟಣದ ಅರಗಿನ ಭರಣಿಗಳಿಗೆ ಸ್ಪಿರಿಟ್ಟೂ ಬಿಸಿಯೂ ಆಗದು, ಒಣ ಬಟ್ಟೆ ಒಂದೇ ಸಾಕು. ಸಾಗರ, ಸೊರಬದ ಗುಡಿಗಾರರ ಗಂಧದ ಪೆಟ್ಟಿಗೆಗೆ ಮೇಣವನ್ನೂ ಎಣ್ಣೆಯನ್ನೂ ಹಚ್ಚಬಾರದು, ಕೆತ್ತನೆಯ ಸಂದಿನಲ್ಲಿ ದೂಳಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ಹೊರಮೈಯಲ್ಲಿ ಮೂಗಿಗೆ ರಾಚುವಂತೆ ಗಂಧ ಬಂದು, ಮುಚ್ಚಿಟ್ಟು ತೆರೆದಾಗ ಒಳಗೆ ಬಾರದಿದ್ದರೆ ಮೇಲೆ ಸೆಂಟು ಹಚ್ಚಿದ್ದಾರೆ ಎಂದು ತಿಳಿಯಿರಿ.

ಇನ್ನು ಬಳಕೆ. ಅಲಂಕಾರಕ್ಕೆಂದು ಶೋಕೇಸಿನಲ್ಲಿ ಮುಚ್ಚಿಟ್ಟ ಪೆಟ್ಟಿಗೆಗೆ ಕುಟ್ಟೆ ಹಿಡಿದದ್ದೂ ಗೊತ್ತಾಗುವುದಿಲ್ಲ, ಮುಗ್ಗಲು ಬಂದದ್ದೂ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆಯಾದರೂ ತೆರೆಯುವ ಕೆಲಸ ಅದಕ್ಕೆ ಕೊಡಬೇಕು. ಬೀಟೆಯ ಒಡವೆ ಪೆಟ್ಟಿಗೆಯಲ್ಲಿ ದಿನವೂ ಹಾಕುವ ಬಳೆ, ಸರಗಳನ್ನಿಡಿ, ಐದು ಖಾನೆಯ ತಟ್ಟೆ ಇರುವುದೇ ಅದಕ್ಕೆ. ಬೆಳ್ಳಿಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಉಣ್ಣೆಯ ಬಟ್ಟೆ, ರಬ್ಬರ್ ಬ್ಯಾಂಡುಗಳಿಂದ ಬರುವ ಗಂಧಕ ಅದನ್ನು ಕಪ್ಪು ಮಾಡುತ್ತದೆ. ಇಳಿಜಾರು ಮುಚ್ಚಳದ ಗಲ್ಲಾಪೆಟ್ಟಿಗೆ ಬಿಲ್ಲು, ಚೀಟಿ, ಪೆನ್ನುಗಳಿಗೆ ಹೇಳಿ ಮಾಡಿಸಿದ್ದು. ಆಸ್ತಿಪತ್ರ, ಹಳೆಯ ಫೋಟೊಗಳನ್ನು ಮಾತ್ರ ನೇರ ಮರಕ್ಕೆ ತಾಗುವಂತೆ ಇಡಬೇಡಿ, ಮರ ಬಿಡುವ ಆಮ್ಲದಿಂದ ಕಾಗದ ಹಳದಿಯಾಗುತ್ತದೆ. ಒಗೆದ ಹತ್ತಿ ಬಟ್ಟೆಯಲ್ಲಿ ಕಟ್ಟಿಡಬೇಕು. ಎಲೆಡಬ್ಬಿಯಲ್ಲಿ ಒದ್ದೆ ಎಲೆ ರಾತ್ರಿಯಿಡೀ ಉಳಿದರೆ ಕಿಲುಬು ಏಳುತ್ತದೆ. ಮದುವೆ, ಸೀಮಂತಗಳಲ್ಲಿ ತಾಂಬೂಲ ಕೊಡುವ ಹೊತ್ತಿಗೆ ಎಲೆ ಜೋಡಿಸಿ, ಮುಗಿದ ಕೂಡಲೇ ಖಾಲಿ ಮಾಡಿ ಒರೆಸಿಟ್ಟರೆ ಸರಿ. ಉಳಿದ ದಿನ ಅದರ ಬಟ್ಟಲುಗಳು ಸೂಜಿ, ಗುಂಡಿ, ಪಿನ್ನುಗಳಿಗೆ ಆಗುತ್ತವೆ. ಬಣ್ಣ ಬಳಿದ ಹಳೆಯ ಡಬ್ಬಿಗಳಲ್ಲಿ ತಿನ್ನುವ ಪದಾರ್ಥ ಬೇಡ, ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಗೊಂಬೆ ಹಬ್ಬಕ್ಕೆ ಮೆಟ್ಟಿಲಿನ ಮೇಲೆ ಎತ್ತರ ಕೊಡಲು ಇವನ್ನು ಇಡುವವರಿದ್ದಾರೆ. ಭಾರದ ಗೊಂಬೆ ಮುಚ್ಚಳದ ನಡುವೆ ಕೂರದೆ ಅಂಚುಗಳ ಮೇಲೆ ಬರುವಂತೆ ಒಂದು ಹಲಗೆ ಹಾಕಿಕೊಳ್ಳಲಿ.

ಹೊರದೇಶದಲ್ಲಿರುವ ಮಕ್ಕಳು ಅಜ್ಜಿಯ ಪೆಟ್ಟಿಗೆ ಒಯ್ಯುತ್ತೇವೆ ಎನ್ನುವುದು ಈಗ ಸಾಮಾನ್ಯ. 1972ರ ಪುರಾತನ ವಸ್ತುಗಳ ಕಾಯಿದೆ 1976ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ನೂರು ವರ್ಷ ತುಂಬಿದ ಕುಶಲ ಕಲೆಯ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಮನೆಯದೇ ಆಗಿದ್ದರೂ ಸರಿ. ಅಷ್ಟು ಹಳೆಯದಲ್ಲದಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಕಚೇರಿಗೆ ವಸ್ತುವನ್ನೂ ಫೋಟೊಗಳನ್ನೂ ಒಯ್ದು, ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯಬೇಕು. ಬೀಟೆ ಮರಕ್ಕೆ ಅಂತರರಾಷ್ಟ್ರೀಯ ಸಾಗಣೆಯ ನಿಯಮಗಳೂ ಬೇರೆಯಾಗಿ ಅನ್ವಯಿಸುತ್ತವೆ. ಟಿಕೆಟ್ ಕೊಂಡ ಮೇಲೆ ಓಡಾಡುವ ಕೆಲಸ ಇದಲ್ಲ, ತಿಂಗಳುಗಳ ಮೊದಲೇ ವಿಚಾರಿಸಬೇಕು.

ಪ್ರತಿ ಪೆಟ್ಟಿಗೆಯ ಒಳಗೆ ನಾನು ಒಂದು ಚೀಟಿ ಇಡುತ್ತೇನೆ, ಅಂಟಿಸುವುದಿಲ್ಲ. ಎಲ್ಲಿಂದ ಬಂತು, ಯಾವ ಮನೆತನದ್ದು ಎಂದು ಮಾರಿದವರು ಹೇಳಿದ್ದು, ಅಳತೆ, ಯಾವ ಕೀಲಿಗೆ ಯಾವ ಅಂಟು ಹಾಕಿದ್ದು, ಯಾವ ಸ್ಕ್ರೂ ಬದಲಿಸಿದ್ದು, ಮೇಣ ಹಚ್ಚಿದ ತಿಂಗಳು ಇಷ್ಟು ಅದರಲ್ಲಿರುತ್ತದೆ. ಬಾಲ್ ಪೆನ್ನಿನ ಶಾಯಿ ಹಬ್ಬುತ್ತದೆ, ಪೆನ್ಸಿಲ್ಲಿನಲ್ಲೇ ಬರೆಯಿರಿ. ತೆಗೆದ ಹಳೆಯ ಮೊಳೆ, ಸ್ಕ್ರೂ, ವೆಲ್ವೆಟ್ಟಿನ ತುಂಡುಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ ಅದೇ ಪೆಟ್ಟಿಗೆಯ ತಟ್ಟೆಯ ಅಡಿಯಲ್ಲಿ ಇಡಿ, ಮುಂದೆ ರಿಪೇರಿ ಮಾಡುವವರು ಮೊದಲು ಕೇಳುವುದು ಅವನ್ನೇ.